ಬಿಳಿ ಬಣ್ಣ: ಪುಡಿ ಆರಿಸುವುದು, ಎಣ್ಣೆಯಲ್ಲಿ ಅರೆಯುವುದು

ಚಿತ್ರ ಬರೆಯುವ ಎಣ್ಣೆಬಣ್ಣಕ್ಕೆ ಬಳಸುವ ಬಿಳಿ ಪುಡಿಗಳೆಲ್ಲ ಒಣಗಿದ್ದಾಗ ಹೆಚ್ಚುಕಡಿಮೆ ಒಂದೇ. ಎಣ್ಣೆ ಬಿದ್ದಾಗಲೇ ಗುಟ್ಟು ಹೊರಬೀಳುವುದು. ಗಾಜಿನ ಮೇಲೆ ಚಿಟಿಕೆ ಕ್ಯಾಲ್ಸಿಯಂ ಕಾರ್ಬೊನೇಟ್, ಪಕ್ಕದಲ್ಲಿ ಚಿಟಿಕೆ ಟೈಟಾನಿಯಂ ಡೈಆಕ್ಸೈಡ್ ಇಟ್ಟು ಎರಡಕ್ಕೂ ಅಗಸೆ ಎಣ್ಣೆ ಕಲಸಿ ನೋಡಿ. ಮೊದಲನೆಯದು ಮಾಸಲು ಹಳದಿಗೆ ತಿರುಗಿ ಅರೆಪಾರದರ್ಶಕವಾಗುತ್ತದೆ; ಎರಡನೆಯದು ಅಚ್ಚ ಬಿಳಿಯಾಗಿಯೇ ಉಳಿಯುತ್ತದೆ. ಎಣ್ಣೆಯ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ, ಸುಮಾರು 1.48, ಕ್ಯಾಲ್ಸಿಯಂ ಕಾರ್ಬೊನೇಟಿನದು 1.6, ರೂಟೈಲ್ ಎಂಬ ಹರಳಿನ ಬಗೆಯ ಟೈಟಾನಿಯಂ ಡೈಆಕ್ಸೈಡಿನದು 2.7. ಎಣ್ಣೆಗೂ ಪುಡಿಗೂ ನಡುವಿನ ಈ ಅಂತರ ಹೆಚ್ಚಿದಷ್ಟೂ ಬೆಳಕು ಚೆನ್ನಾಗಿ ಚದುರುತ್ತದೆ, ಕೆಳಗಿನ ಬಣ್ಣ ಮುಚ್ಚಿಹೋಗುತ್ತದೆ.

ಕೊಳ್ಳುವಾಗ ಹೆಸರನ್ನು ನಂಬಬೇಡಿ, ಸಂಕೇತ ಓದಿ. ಪಿ.ಡಬ್ಲ್ಯು. (ಪಿಗ್ಮೆಂಟ್ ವೈಟ್, ಅಂದರೆ ಬಿಳಿ ಬಣ್ಣದ ಪುಡಿ) 6 ಎಂದರೆ ಟೈಟಾನಿಯಂ ಡೈಆಕ್ಸೈಡ್, 4 ಸತುವಿನ ಆಕ್ಸೈಡ್, 5 ಲಿಥೊಪೋನ್, ಅಂದರೆ ಬೇರಿಯಂ ಸಲ್ಫೇಟ್ ಮತ್ತು ಸತುವಿನ ಸಲ್ಫೈಡ್‌ಗಳ ಬೆರಕೆ. ಪಿ.ಡಬ್ಲ್ಯು. 1 ಸೀಸದ ಬಿಳಿ. ವಿಷ, ಅದರ ಪುಡಿಯನ್ನು ಮನೆಯಲ್ಲಿ ಮುಟ್ಟಲೇಬೇಡಿ. ಸತುವಿನ ಬಿಳಿ ಎಣ್ಣೆಯ ಆಮ್ಲಗಳೊಂದಿಗೆ ಸೇರಿ ಸತುವಿನ ಸೋಪಾಗುತ್ತದೆ. ಪದರ ಪೆಡಸಾಗಿ, ವರ್ಷಗಳ ನಂತರ ಬಿರಿಯುತ್ತದೆ, ಮೇಲಿನ ಬಣ್ಣವೂ ಕಳಚಬಹುದು. ಹಾಗಾಗಿ ಕೆಳಪದರಕ್ಕೆ ಅದು ಬೇಡ.

ಇನ್ನು ಅರೆಯುವುದು. ಮಾಸ್ಕ್ ಹಾಕಿಕೊಳ್ಳಿ, ಫ್ಯಾನ್ ನಿಲ್ಲಿಸಿ. 100 ಗ್ರಾಂ ಟೈಟಾನಿಯಂ ಪುಡಿಗೆ ಸುಮಾರು 20 ಗ್ರಾಂ ಎಣ್ಣೆ ಬೇಕಾದೀತು, ಆದರೆ 15 ಗ್ರಾಂನಿಂದ ಶುರು ಮಾಡಿ. ಪ್ಯಾಲೆಟ್ ನೈಫಿನಲ್ಲಿ ಕಲಸಿದಾಗ ಮುದ್ದೆ ಒರಟಾಗಿ, ಒಡೆದೊಡೆದು ಬರುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ: ಗಾಬರಿಯಿಂದ ಎಣ್ಣೆ ಸುರಿಯುತ್ತಾರೆ. ಸುರಿಯಬೇಡಿ. ಆ ಮುದ್ದೆಯಲ್ಲಿ ಒಂದು ಚಮಚದಷ್ಟನ್ನು ಮಾತ್ರ ಗಾಜಿನ ಹಲಗೆಗೆ ಹಾಕಿ, ಚಪ್ಪಟೆ ತಳದ ಗಾಜಿನ ಗುಂಡಿನಿಂದ ಎಂಟರ ಆಕಾರದಲ್ಲಿ ಅರೆಯಿರಿ. ನಡುನಡುವೆ ಅಂಚಿನದನ್ನು ಕೆರೆದು ನಡುವಿಗೆ ತನ್ನಿ. ಗಂಟುಗಳು ಒಡೆದು ಕಣಕಣಕ್ಕೂ ಎಣ್ಣೆ ಹತ್ತಿದಂತೆ ಮುದ್ದೆ ತಾನಾಗಿ ಸಡಿಲವಾಗುತ್ತದೆ. ಆಗಲೂ ಗಟ್ಟಿ ಅನಿಸಿದರೆ ಹನಿಹನಿಯಾಗಿ ಸೇರಿಸಿ.

ಸಾಕಾಯಿತೇ ಎಂದು ತಿಳಿಯಲು ಗಾಜಿನ ಮೇಲೆ ತೆಳ್ಳಗೆ ಎಳೆದು ಬೆಳಕಿಗೆ ಹಿಡಿಯಿರಿ. ಚುಕ್ಕಿ ಕಂಡರೆ ಗಂಟು ಉಳಿದಿದೆ, ಮತ್ತೆ ಅರೆಯಿರಿ. ಎಣ್ಣೆ ಮಿತಿಮೀರಿದರೆ ಒಣಗುವಾಗ ಮೇಲ್ಮೈ ಸುಕ್ಕುಗಟ್ಟುತ್ತದೆ, ಕಾಲಕ್ರಮೇಣ ಹಳದಿಯಾಗುತ್ತದೆ. ಕುಸುಬೆ ಎಣ್ಣೆ ಅಷ್ಟು ಹಳದಿಯಾಗದು. ಆದರೆ ಒಣಗುವುದು ನಿಧಾನ, ಪದರವೂ ಅಷ್ಟು ಗಟ್ಟಿಯಲ್ಲ.

ಒರೆಸಿದ ಎಣ್ಣೆಬಟ್ಟೆಗಳನ್ನು ಮುದ್ದೆಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯೇಳುತ್ತದೆ, ರಾಶಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ.