ಬಾದಾಮಿ ಸುತ್ತಾಟ: ಬಿಸಿಲು ನೋಡಿ ನಡೆಯಿರಿ, ಹೊತ್ತು ನೋಡಿ ರೊಟ್ಟಿ ಉಣ್ಣಿರಿ

ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನದಲ್ಲಿ ಮುಗಿಸಿ ಸಂಜೆ ಹುಬ್ಬಳ್ಳಿ ಬಸ್ಸು ಹತ್ತುವವರು ಬಹಳ ಜನ. ಮುಗಿಸಬಹುದು, ಆಗದ ಮಾತೇನಲ್ಲ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ., ಅಲ್ಲಿಂದ ಐಹೊಳೆಗೆ ಇನ್ನೊಂದು 13-14 ಕಿ.ಮೀ. ಅಷ್ಟೇ. ಆದರೆ ಹಾಗೆ ಹೋದವರನ್ನು ಕೇಳಿ ನೋಡಿ. ಮಧ್ಯಾಹ್ನ ಎರಡು ಗಂಟೆಗೆ ಐಹೊಳೆಯ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿದದ್ದು ಬಿಟ್ಟರೆ ಹೆಚ್ಚೇನೂ ನೆನಪಿರುವುದಿಲ್ಲ.

ಈ ಸೀಮೆಯಲ್ಲಿ ಗಡಿಯಾರಕ್ಕಿಂತ ಬಿಸಿಲಿನ ಮಾತು ಕೇಳಬೇಕು. ಯಾವ ಹೊತ್ತಿಗೆ ಎಲ್ಲಿ ನೆರಳು, ಯಾವ ಹೊತ್ತಿಗೆ ಎಲ್ಲಿ ಊಟ ಅನ್ನುವುದನ್ನು ಮೊದಲು ಗೊತ್ತು ಮಾಡಿಕೊಂಡರೆ ಉಳಿದದ್ದು ತಾನಾಗಿಯೇ ಹೊಂದಿಕೊಳ್ಳುತ್ತದೆ. ಎರಡು ಪೂರ್ತಿ ದಿನ, ಮೇಲೊಂದು ಬೆಳಿಗ್ಗೆ ಕೈಯಲ್ಲಿದ್ದರೆ ಸಾಕು.

ಮೊದಲು ತಿಂಗಳು ಆರಿಸಿ

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬಂಡೆ ರಾತ್ರಿಯವರೆಗೂ ಕಾವು ಬಿಡುವುದಿಲ್ಲ. ಮಳೆಗಾಲವನ್ನು ಪೂರ್ತಿ ತಳ್ಳಿಹಾಕಬೇಡಿ. ಜೋರು ಮಳೆ ಬಂದರೆ ಬಾದಾಮಿಯ ಕೆರೆ ಅಗಸ್ತ್ಯ ತೀರ್ಥದ ಮೇಲಿನ ಬಂಡೆಯಿಂದ ಅಕ್ಕ-ತಂಗಿ ಜಲಪಾತ ಧುಮ್ಮಿಕ್ಕುತ್ತದೆ. ಆದರೆ ಅದು ಮಳೆಯನ್ನೇ ನಂಬಿದ ನೀರು. ಮಳೆ ನಿಂತರೆ ಬರೀ ಬಂಡೆ.

ಜನವರಿಯಲ್ಲಿ ಹೋಗುವವರು ಬನದ ಹುಣ್ಣಿಮೆ ಯಾವತ್ತು ಅಂತ ಕ್ಯಾಲೆಂಡರ್ ನೋಡಿಕೊಳ್ಳಿ. ಅವತ್ತು ಬನಶಂಕರಿ ತೇರು. ಜಾತ್ರೆ ಅಲ್ಲಿಂದ ವಾರಗಟ್ಟಲೆ ನಡೆಯುತ್ತದೆ. ವೃತ್ತಿ ನಾಟಕ ಕಂಪನಿಗಳು ಸಾಲಾಗಿ ಟೆಂಟು ಹಾಕುತ್ತವೆ, ರಾತ್ರಿಯಿಡೀ ಆಟ. ಅದನ್ನು ನೋಡಲೆಂದೇ ಹೋಗುವವರಿಗೆ ಹಬ್ಬ. ಸುಮ್ನೆ ಶಾಂತವಾಗಿ ಗುಡಿ ನೋಡಬೇಕು ಅನ್ನುವವರಿಗೆ ಮಾತ್ರ ರೂಮೂ ಸಿಗದು, ರಸ್ತೆಯೂ ಸಿಗದು. ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಕಾಟ. ಅವಕ್ಕಿಂತ ಮೊದಲು ಏಳುವುದೊಂದೇ ಉಪಾಯ.

ತಲುಪುವುದು, ಉಳಿಯುವುದು

ಬೆಂಗಳೂರು ಕಡೆಯವರಿಗೆ ರಾತ್ರಿ ರೈಲು ಅನುಕೂಲ. ಗೋಲಗುಂಬಜ್ ಎಕ್ಸ್‌ಪ್ರೆಸ್ ಬಾದಾಮಿ ಮೇಲೆಯೇ ಹೋಗುತ್ತದೆ. ಸ್ಟೇಷನ್ ಊರಿಂದ ಸುಮಾರು 5 ಕಿ.ಮೀ. ದೂರ, ಹೊರಗಡೆ ಟಂಟಂ (ಮೂರು ಚಕ್ರದ ಬಾಡಿಗೆ ಗಾಡಿ) ಸಿಗುತ್ತವೆ. ಹತ್ತುವ ಮುಂಚೆಯೇ ಎಷ್ಟು ಅಂತ ಕೇಳಿಬಿಡಿ. ಬಸ್ಸಿನವರಿಗೆ ಹುಬ್ಬಳ್ಳಿ ಅಥವಾ ಬಾಗಲಕೋಟೆ ದಾರಿ.

ಬಾದಾಮಿ ಬಸ್ ನಿಲ್ದಾಣದ ಆಸುಪಾಸಿನಲ್ಲೇ ರೂಮು ಹಿಡಿಯಿರಿ. ಬಾಡಿಗೆ ಕಡಿಮೆ ಅಂತ ಊರಾಚೆ ಹೋದರೆ ಉಳಿದ ದುಡ್ಡು ಆಟೋಕ್ಕೇ ಹೋಗುತ್ತದೆ. ಪಟ್ಟದಕಲ್ಲು, ಐಹೊಳೆಯಲ್ಲಿ ಉಳಿಯುವ ವ್ಯವಸ್ಥೆ ಕಡಿಮೆ, ಹಾಗಾಗಿ ಮೂರಕ್ಕೂ ಬಾದಾಮಿಯೇ ಬಿಡದಿ.

ಮೊದಲ ಬೆಳಿಗ್ಗೆ: ಮೇಣಬಸದಿ

ಬಾದಾಮಿಯ ಗುಹೆಗಳಿಗೆ ಊರವರು ಹೇಳುವುದು ಮೇಣಬಸದಿ ಅಂತ. ಗೇಟು ತೆಗೆಯುವ ಹೊತ್ತಿಗೇ ಅಲ್ಲಿರಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಬಾಳೆಹಣ್ಣು, ಜ್ಯೂಸ್ ಬಾಟಲಿ ಯಾವುದೂ ಬೇಡ. ಅಲ್ಲಿನ ಮಂಗಗಳಿಗೆ ಚೀಲದ ಸಪ್ಪಳ ಕೇಳಿದರೆ ಸಾಕು. ಹೆಗಲಿಗೆ ಹಾಕುವ ಬ್ಯಾಗಿನೊಳಗೆ ಎಲ್ಲ ತುಂಬಿ, ಜಿಪ್ ಎಳೆದು ಹತ್ತಿ.

ಒಟ್ಟು ನಾಲ್ಕು ಗುಹೆ. ಮೊದಲನೆಯದು ಶಿವನದು, ಎರಡು ಮತ್ತು ಮೂರು ವಿಷ್ಣುವಿನವು, ನಾಲ್ಕನೆಯದು ಜೈನ ಬಸದಿ. ಮೊದಲನೆಯದರ ಹೊರಗೇ ಹದಿನೆಂಟು ಕೈಯ ನಟರಾಜನಿದ್ದಾನೆ. ಎಲ್ಲರೂ ಅಲ್ಲೇ ಫೋಟೊಗೆ ಮುಗಿಬೀಳುತ್ತಾರೆ. ನೀವು ಒಂದು ಕೆಲಸ ಮಾಡಿ: ಬಲಗಡೆಯ ಒಂದು ಕೈ, ಎಡಗಡೆಯ ಒಂದು ಕೈ ಮಾತ್ರ ನೋಡಿ, ಉಳಿದವನ್ನು ಮರೆತುಬಿಡಿ. ಒಂದು ಭಂಗಿ ಕಾಣುತ್ತದೆ. ಜೋಡಿ ಬದಲಿಸಿ, ಇನ್ನೊಂದು ಭಂಗಿ. ಒಂದೇ ಕಲ್ಲು, ಆದರೆ ಕುಣಿತ ಮುಗಿಯುವುದಿಲ್ಲ.

ಹೆಚ್ಚು ಹೊತ್ತು ಕೊಡಬೇಕಾದ್ದು ಮೂರನೆಯ ಗುಹೆಗೆ. ಎಲ್ಲಕ್ಕಿಂತ ದೊಡ್ಡದು. ಚಾಲುಕ್ಯ ಮಂಗಳೇಶ ಇದನ್ನು ಮಾಡಿಸಿದ್ದು ಅಂತ ಶಾಸನವಿದೆ, ಅದರಲ್ಲಿ ಶಕ 500 ಅನ್ನುವ ವರ್ಷವೂ ಇದೆ. ಅಂದರೆ ಕ್ರಿ.ಶ. 578. ಅಲ್ಲೇ ಕನ್ನಡದಲ್ಲೂ ಒಂದು ಶಾಸನವಿದೆ. ದೇವರಿಗೆ ಹೂವಿನ ಮಾಲೆ ಕಟ್ಟುವವರಿಗೂ ಪಾಲು ಸಿಗುವಂತೆ ಅರಸ ಊರು ಬಿಟ್ಟುಕೊಟ್ಟ ವಿಷಯ ಅದರಲ್ಲಿದೆ. ಅರಸರ ಬಿರುದು ಬಾವಲಿಗಳ ನಡುವೆ ಹೂ ಕಟ್ಟುವವರ ಲೆಕ್ಕವೂ ಕಲ್ಲಿಗೆ ಬಿದ್ದಿದೆಯಲ್ಲ, ನನಗೆ ಅದೇ ಹೆಚ್ಚು ಇಷ್ಟ. ಜಗಲಿಯ ಒಂದು ತುದಿಯಲ್ಲಿ ಹಾವಿನ ಸುರುಳಿಯ ಮೇಲೆ ಕೂತ ವಿಷ್ಣುವಿದ್ದಾನೆ. ಮಲಗಿದ ವಿಷ್ಣುವನ್ನೇ ನೋಡಿ ರೂಢಿಯಾದವರಿಗೆ ಇದು ಹೊಸದು. ಕಂಬದ ಮೇಲಿನ ಜೋಡಿಗಳನ್ನು ನೋಡಲು ಕತ್ತು ಎತ್ತಲೇಬೇಕು. ಬ್ಯಾಟರಿ ಒಯ್ದಿದ್ದರೆ ಮೂಲೆಯ ಕತ್ತಲಿಗೆ ಹಿಡಿಯಿರಿ.

ಹತ್ತು ಗಂಟೆಗೆ ಕೆಳಗಿಳಿಯಿರಿ. ಅಷ್ಟರಲ್ಲಿ ಶಾಲಾ ಬಸ್ಸುಗಳು ಬಂದು ನಿಂತಿರುತ್ತವೆ.

ಮಧ್ಯಾಹ್ನ: ಬನಶಂಕರಿಯಲ್ಲಿ ರೊಟ್ಟಿ

ಬಾದಾಮಿಯಿಂದ ಬನಶಂಕರಿ ಸುಮಾರು 5 ಕಿ.ಮೀ. ದರ್ಶನ ಮುಗಿಸಿ, ಗುಡಿ ಎದುರಿನ ಹರಿದ್ರಾ ತೀರ್ಥದ ಸುತ್ತ ಇರುವ ಕಲ್ಲು ಮಂಟಪದಲ್ಲಿ ಒಂದು ಸುತ್ತು ಹಾಕಿ. ನೀರು ಇದ್ದೇ ಇರುತ್ತದೆ ಅಂತ ನಂಬಬೇಡಿ, ಬೇಸಿಗೆಯಲ್ಲಿ ಒಣಗಿರುವುದೂ ಉಂಟು.

ಇಲ್ಲಿಗೆ ಬರುವುದೇ ಊಟಕ್ಕೆ ಅಂತ ಹೇಳಿದರೆ ಭಕ್ತರು ಬೇಜಾರಾಗಬಾರದು. ಗುಡಿ ಅಂಗಳದಲ್ಲಿ ಬುಟ್ಟಿ ಇಟ್ಟುಕೊಂಡ ಹೆಣ್ಣುಮಕ್ಕಳು ಕೂತಿರುತ್ತಾರೆ. “ಬರ್ರಿ ಅಣ್ಣಾರ, ರೊಟ್ಟಿ ಉಣ್ರಿ” ಅಂತ ಕರೆಯುತ್ತಾರೆ. ಮನೆಯಲ್ಲಿ ಬಡಿದು ತಂದ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು. ಎಲ್ಲವೂ ಆ ಬುಟ್ಟಿಯೊಳಗೇ. ನೆರಳು ನೋಡಿ ನೆಲಕ್ಕೆ ಕೂತುಬಿಡಿ.

ಮೊದಲ ಸಲ ಉಣ್ಣುವವರಿಗೆ ಎರಡು ಮಾತು. ಕೆಂಪು ಖಾರವನ್ನು ಚಟ್ನಿ ಅಂದುಕೊಂಡು ಬಾಚಿಕೊಳ್ಳಬೇಡಿ. ಬೆರಳ ತುದಿಗೆ ಹತ್ತುವಷ್ಟು ಮುಟ್ಟಿ, ಮೊಸರಿಗೆ ಕಲಸಿ. ಶೇಂಗಾ ಚಟ್ನಿಗೂ ಮೊಸರೇ ಜೋಡಿ. ಎಣ್ಣೆಗಾಯಿಯ ಬದನೆಕಾಯಿ ಚಿಕ್ಕದು, ತುಂಬಿದ ಮಸಾಲೆಯಲ್ಲಿ ಶೇಂಗಾ, ಎಳ್ಳು, ಗುರೆಳ್ಳಿನ ಪುಡಿ. ಅದನ್ನು ತಟ್ಟೆಯಲ್ಲೇ ಕಿವುಚಿ, ರೊಟ್ಟಿಯ ತುಣುಕಿನಲ್ಲಿ ಹಿಡಿದೆತ್ತಬೇಕು. ಚಮಚ ಕೇಳಿದರೆ ನಗುತ್ತಾರೆ. ಇನ್ನೂ ಬೇಕಿದ್ದರೆ “ಅಕ್ಕಾರ, ಇನ್ನೊಂದು ರೊಟ್ಟಿ ಕೊಡ್ರಿ” ಅಂದರೆ ಆಯಿತು. ಬೇಡ ಅನ್ನುವುದೇ ಕಷ್ಟ, ಬಡಿಸುವ ಕೈ ನಿಲ್ಲುವುದಿಲ್ಲ. ಚಿಲ್ಲರೆ ಇಟ್ಟುಕೊಂಡಿರಿ.

ರಾತ್ರಿಗೆ ಬಾದಾಮಿಯ ಖಾನಾವಳಿ ಇದ್ದೇ ಇದೆ. ಅಲ್ಲಿ ಬಿಸಿ ರೊಟ್ಟಿಯೋ ಕಡಕ್ ರೊಟ್ಟಿಯೋ ಅಂತ ಕೇಳುತ್ತಾರೆ. ಮೊದಲು ಬಿಸಿಯದು, ಆಮೇಲೆ ಹಲ್ಲಿಗೆ ಕೆಲಸ ಕೊಡಲು ಕಡಕ್. ಸಂಜೆ ಹಸಿವಾದರೆ ಮಿರ್ಚಿ ಭಜಿ, ಚುರುಮುರಿಯ ಗಿರ್ಮಿಟ್ ಎರಡಕ್ಕೂ ಬರವಿಲ್ಲ.

ಸಂಜೆ: ಕೆರೆಯ ಆಚೆ ದಂಡೆ

ಬಿಸಿಲು ಇಳಿಯುವವರೆಗೆ ಕೆರೆ ಪಕ್ಕದ ಪುರಾತತ್ವ ಮ್ಯೂಸಿಯಂ ಒಳಗಿರಿ. ಶುಕ್ರವಾರ ರಜೆ, ನೆನಪಿರಲಿ. ಫಲವಂತಿಕೆಯ ದೇವತೆ ಲಜ್ಜಾಗೌರಿಯ ಮೂರ್ತಿ ಇಲ್ಲಿದೆ. ಮ್ಯೂಸಿಯಂ ಪಕ್ಕದಿಂದಲೇ ಬಡಗಣ ಬೆಟ್ಟದ ಶಿವಾಲಯಗಳಿಗೆ ಹತ್ತುವ ದಾರಿ. ಬಂಡೆ ಸೀಳಿದ ಸಂದಿಯೊಳಗೆ ಮೆಟ್ಟಿಲು, ಎರಡೂ ಕಡೆ ಕೆಂಪು ಗೋಡೆ. ಮಧ್ಯಾಹ್ನದಲ್ಲೂ ಅಲ್ಲಿ ತಂಪು. ಮೇಲೆ ಹೋದರೆ ಇಡೀ ಕೆರೆ, ಆಚೆ ಗುಡ್ಡದ ಗುಹೆಗಳು ಒಂದೇ ನೋಟಕ್ಕೆ ಸಿಗುತ್ತವೆ.

ಇಳಿದು ಬಂದು ಕೆರೆಯ ಮೂಡಣ ದಂಡೆಯ ಭೂತನಾಥ ಗುಡಿಗೆ ನಡೆಯಿರಿ. ಗುಡಿಯ ಮಂಟಪ ನೀರಿಗೆ ಮುಖ ಮಾಡಿದೆ, ಪಡುವಣಕ್ಕೆ. ಆದ್ದರಿಂದ ಸಂಜೆಯ ಬಿಸಿಲು ನೇರ ಕಂಬಗಳ ಮೇಲೆ ಬೀಳುತ್ತದೆ. ಬೆಳಿಗ್ಗೆ ಬಂದವರಿಗೆ ಇದು ಸಿಗುವುದಿಲ್ಲ. ಶಾಲೆಯಲ್ಲಿ ಓದಿದ “ಸಾಧುಗೆ ಸಾಧು” ನೆನಪಿದೆ ಅಲ್ವಾ? ಆ ಕಪ್ಪೆ ಅರಭಟ್ಟನ ಶಾಸನವೂ ಬಾದಾಮಿಯ ಬಂಡೆಯ ಮೇಲೇ ಇರುವುದು. ದಾರಿಯನ್ನು ಅಲ್ಲಿನ ಗೈಡ್‌ಗಳನ್ನೇ ಕೇಳಿ.

ಎರಡನೇ ದಿನ: ದೂರದಿಂದ ಹತ್ತಿರಕ್ಕೆ

ಹೆಚ್ಚಿನವರು ಪಟ್ಟದಕಲ್ಲು ನೋಡಿ ಐಹೊಳೆಗೆ ಹೋಗುತ್ತಾರೆ. ನನ್ನ ಸಲಹೆ ಉಲ್ಟಾ. ಬೆಳಿಗ್ಗೆ ಆರೂವರೆ ಹೊತ್ತಿಗೆ ಹೊರಟು ಮೊದಲು ಐಹೊಳೆ ಮುಟ್ಟಿ. ಬಸ್ಸುಗಳಿವೆ, ಆದರೆ ಐಹೊಳೆಗೆ ಕಡಿಮೆ. ನಾಲ್ಕು ಜನ ಇದ್ದರೆ ದಿನಕ್ಕೆ ಕಾರು ಮಾಡುವುದೇ ಲೇಸು.

ಐಹೊಳೆಯಲ್ಲಿ ಮೊದಲ ಕೆಲಸ ಮೇಗುತಿ ಗುಡ್ಡ ಹತ್ತುವುದು, ತಂಪಿರುವಾಗಲೇ. ಹತ್ತುವ ದಾರಿಯಲ್ಲಿ ಎರಡಂತಸ್ತಿನ ಬೌದ್ಧ ಗುಡಿ ಸಿಗುತ್ತದೆ. ತುದಿಯಲ್ಲಿ ಜೈನ ಬಸದಿ. ಅದರ ಹೊರಗೋಡೆಯಲ್ಲಿ ರವಿಕೀರ್ತಿಯ ಶಾಸನ, ಕ್ರಿ.ಶ. 634ರದು. ಇಮ್ಮಡಿ ಪುಲಕೇಶಿಯ ಗೆಲುವುಗಳನ್ನು ಹಾಡಿ, ಕೊನೆಗೆ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ಸಂಕೋಚದ ಪೈಕಿ ಅಲ್ಲ.

ಇಳಿದ ಮೇಲೆ ದುರ್ಗಾ ಗುಡಿಯ ಆವರಣ. ಹಿಂಬದಿ ದುಂಡಗಿರುವ ಈ ಗುಡಿಯನ್ನು ಎಲ್ಲರೂ ಫೋಟೊದಲ್ಲಿ ನೋಡಿರುತ್ತಾರೆ. ಅದರ ಹೊರಗಿನ ಜಗಲಿಯಲ್ಲಿ ಒಂದು ಸುತ್ತು ಬನ್ನಿ, ಮೂರ್ತಿಗಳೆಲ್ಲ ಅಲ್ಲಿವೆ. ಆಮೇಲೆ ಪಕ್ಕದ ಲಾಡಖಾನ್ ಗುಡಿಯ ಮಾಡು ನೋಡಿ. ಹಾಸಿದ ಚಪ್ಪಡಿಗಳ ಸಂದಿ ಮುಚ್ಚಲು ಉದ್ದುದ್ದ ಕಲ್ಲಿನ ಪಟ್ಟಿ ಇಟ್ಟಿದ್ದಾರೆ, ಮರದ ಮನೆಯ ಮಾಡಿಗೆ ತೊಲೆ ಕೂಡಿಸಿದ ಹಾಗೆ. ಕಟ್ಟಿಗೆಯಲ್ಲಿ ಕಲಿತ ಕೆಲಸವನ್ನು ಕಲ್ಲಿಗೆ ಒಗ್ಗಿಸಿದ್ದು ಅಲ್ಲಿ ಕಣ್ಣಿಗೆ ಕಾಣುತ್ತದೆ. ರಾವಣಫಡಿ ಗುಹೆಯನ್ನೂ ಬಿಡಬೇಡಿ.

ಮಧ್ಯಾಹ್ನಕ್ಕೆ ಅಮೀನಗಡದ ಕಡೆ ತಿರುಗಿ, ಐಹೊಳೆಗೆ ಹತ್ತಿರವೇ. ಕರದಂಟಿಗೆ ಹೆಸರಾದ ಊರು. ಅಂಟನ್ನು ತುಪ್ಪದಲ್ಲಿ ಅರಳಿಸಿ ಕರಿದು, ಬೆಲ್ಲದ ಪಾಕಕ್ಕೆ ಕೊಬ್ಬರಿ, ಗೋಡಂಬಿ, ಬಾದಾಮಿ ಎಲ್ಲ ಸೇರಿಸಿ ಮಾಡುವ ಸಿಹಿ. ಕೊಳ್ಳುವ ಮುಂಚೆ ಒಂದು ಚೂರು ಕೇಳಿ ತಿನ್ನಿ. ಅಂಟು ಹಲ್ಲಿಗೆ ಕರುಂ ಅನ್ನಬೇಕು, ಜಿಗುಟಾಗಿ ಅಂಟಿಕೊಳ್ಳಬಾರದು.

ಮೂರು ಗಂಟೆಗೆ ಪಟ್ಟದಕಲ್ಲು. 1987ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ ಇದು. ಗುಡಿಯೊಳಗೆ ನುಗ್ಗುವ ಮೊದಲು ಹುಲ್ಲಿನ ಮೇಲೆ ನಿಂತು ಶಿಖರಗಳನ್ನು ನೋಡಿ. ಗಳಗನಾಥದ್ದು ಬಾಗಿ ಮೇಲೇರುವ ಉತ್ತರದ ಬಗೆಯದು. ಸಂಗಮೇಶ್ವರ, ವಿರೂಪಾಕ್ಷ ಗುಡಿಗಳದ್ದು ಅಂತಸ್ತು ಅಂತಸ್ತಾಗಿ ಏರುವ ದಕ್ಷಿಣದ ಬಗೆ. ಒಂದೇ ಅಂಗಳದಲ್ಲಿ ಎರಡೂ. ಗುಡಿಗಳು ಮೂಡಣಕ್ಕೆ ಮುಖ ಮಾಡಿರುವುದರಿಂದ ಮಧ್ಯಾಹ್ನದ ಮೇಲೆ ಹಿಂಬದಿಗೆ ಬಿಸಿಲು. ಶಿಖರ ನೋಡಲು ಅದೇ ಸರಿ.

ವಿರೂಪಾಕ್ಷ ಗುಡಿ ನೋಡುವಾಗ ಒಂದು ಹಳೆಯ ಲೆಕ್ಕ ಗೊತ್ತಿರಲಿ. 642ರಲ್ಲಿ ಪಲ್ಲವ ನರಸಿಂಹವರ್ಮ ಚಾಲುಕ್ಯರ ರಾಜಧಾನಿ ಬಾದಾಮಿಯನ್ನೇ ಗೆದ್ದು, ಅಲ್ಲಿನ ಬಂಡೆಯ ಮೇಲೆ ಶಾಸನ ಬರೆಸಿದ. ಸುಮಾರು ನೂರು ವರ್ಷದ ಮೇಲೆ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದ. ಆದರೆ ಅಲ್ಲಿನ ಗುಡಿಯ ಸಂಪತ್ತನ್ನು ದೇವರಿಗೇ ಮರಳಿಸಿ, ಅದನ್ನು ಕನ್ನಡದಲ್ಲಿ ಅಲ್ಲೇ ಕೆತ್ತಿಸಿ ಬಂದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಈ ಗುಡಿ. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ, ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುತ್ತದೆ. ಕೊನೆಗೆ ಸ್ವಲ್ಪ ದೂರದ ಪಾಪನಾಥ ಗುಡಿಗೆ ನಡೆಯಿರಿ, ಗೋಡೆಯ ಮೇಲೆ ರಾಮಾಯಣವಿದೆ. ಅಲ್ಲಿವರೆಗೆ ಬರುವವರು ಕಡಿಮೆ.

ಮೂರನೇ ಬೆಳಿಗ್ಗೆ: ಕಾಲಿಗೆ ಕೆಲಸ

ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ನಡೆಯಲು ಹುರುಪಿದ್ದರೆ ಸಿಡಿಲಪಡಿ. ಬಾದಾಮಿಯಿಂದ ಕುರುಚಲು ಕಾಡಿನ ಕಾಲುದಾರಿಯಲ್ಲಿ ಮೂರ್ನಾಲ್ಕು ಕಿ.ಮೀ. ಕಮಾನಿನಂತೆ ನಿಂತ ದೊಡ್ಡ ಬಂಡೆ, ಅದರ ಮಾಡಿನಲ್ಲಿ ತೂತುಗಳು. ಸಿಡಿಲು ಹೊಡೆದು ಆದವು ಅಂತ ಜನರ ಮಾತು. ಇತಿಹಾಸಪೂರ್ವ ಕಾಲದ ಮನುಷ್ಯರು ಬರೆದ ಚಿತ್ರಗಳು ಮಸುಕಾಗಿ ಉಳಿದಿವೆ. ಅವನ್ನು ಮುಟ್ಟಬೇಡಿ, ನೀರು ಹಾಕಿ ಒರೆಸಬೇಡಿ. ದಾರಿ ಕವಲೊಡೆಯುತ್ತದೆ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ತಲಾ ಎರಡು ಲೀಟರ್ ನೀರು, ಕಾಲಿಗೆ ಗಟ್ಟಿ ಬೂಟು. ಒಂಬತ್ತೂವರೆಗೆ ವಾಪಸಾಗಿರಬೇಕು.

ಚಳಿಗಾಲದಲ್ಲಿ ಬಾದಾಮಿಯ ಬಂಡೆಗಳಿಗೆ ಹಗ್ಗ ಕಟ್ಟಿ ಹತ್ತುವವರು ದೇಶ ವಿದೇಶದಿಂದ ಬರುತ್ತಾರೆ. ನೋಡಲು ಚೆಂದ. ಮಾಡಲು ಮಾತ್ರ ತರಬೇತಿ ಪಡೆದವರು ಜೊತೆಗಿರಲಿ. ಸಂರಕ್ಷಿತ ಸ್ಮಾರಕಗಳ ಬಂಡೆ ಹತ್ತುವಂತಿಲ್ಲ.

ಕಾಲು ಸೋತಿದ್ದರೆ ಮಹಾಕೂಟ. ರಸ್ತೆಯಲ್ಲಿ ಹೋದರೆ ಸುಮಾರು 14 ಕಿ.ಮೀ. ಆಲದ ನೆರಳಿನ ಗುಡಿಗಳ ನಡುವೆ ಊಟೆಯ ನೀರಿನ ಪುಷ್ಕರಣಿ ಇದೆ, ಅದರೊಳಗೇ ಒಂದು ಲಿಂಗದ ಮಂಟಪ. ಊರ ಹುಡುಗರು ಧುಮುಕಿ ಈಜುತ್ತಿರುತ್ತಾರೆ. ನೀವೂ ಇಳಿಯಬಹುದು. ಸೋಪು, ಶಾಂಪೂ ಬೇಡ. ಬದಲಿಸಲು ಒಂದು ಜೊತೆ ಬಟ್ಟೆ ಬ್ಯಾಗಿನಲ್ಲಿರಲಿ.

ಕಟ್ಟಿಕೊಂಡು ಹೋಗಲು

ಗುಳೇದಗುಡ್ಡದ ಖಣ (ರವಿಕೆ ಬಟ್ಟೆ) ಬೇಕಿದ್ದರೆ ಅಲ್ಲಿಗೇ ಹೋಗಿ ಕೊಳ್ಳಿ, ಮಗ್ಗವನ್ನೂ ನೋಡಬಹುದು. ಬಾದಾಮಿಯಲ್ಲಿ ಕಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕೊಳ್ಳಿ. ರೊಟ್ಟಿಯನ್ನು ಸೂಟ್‌ಕೇಸಿಗೆ ತುರುಕಬೇಡಿ, ಕೈಚೀಲದಲ್ಲಿ ಮೇಲುಗಡೆ ಇಟ್ಟುಕೊಳ್ಳಿ. ಊರು ಮುಟ್ಟುವಷ್ಟರಲ್ಲಿ ಚೂರಾಗಿದ್ದರೂ ಬಿಸಾಡುವುದು ಬೇಡ. ಮಜ್ಜಿಗೆಯಲ್ಲಿ ನೆನೆಸಿ, ಸಾಸಿವೆ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಒಗ್ಗರಣೆ ಕೊಟ್ಟರೆ ಮರುದಿನದ ತಿಂಡಿ ಆಯಿತು.