ಕ್ರೂರ ನಾಯಕನ ಮನಸ್ಸು ತಿರುಗುವ ಕಥೆ ಬರೆಯುವುದು ಹೇಗೆ?

ಕತ್ತಿ ಹಿಡಿದು ಊರೂರು ಅಲೆಯುವ ಕೊಲೆಗಡುಕನೇ ನಿಮ್ಮ ಕಥೆಯ ನಾಯಕ. ಅವನು ಮನುಷ್ಯನಾಗಬೇಕು. ಬಹಳ ಕಥೆಗಳು ಎಡವುವುದು ಇಲ್ಲೇ. ನಾಯಕ ಮಂಡಿಯೂರಿ ಅಳುತ್ತಾನೆ, ಮುಂದಿನ ಪುಟದಲ್ಲಿ ಒಳ್ಳೆಯವನಾಗಿಬಿಡುತ್ತಾನೆ. ಯಾರು ನಂಬ್ತಾರೆ? ಜಪಾನಿನ ಕೆಂಟಾರೊ ಮಿಯುರಾ 1989ರಲ್ಲಿ ಶುರು ಮಾಡಿದ ‘ಬರ್ಸರ್ಕ್’ ಮಾಂಗಾ (ಜಪಾನಿ ಚಿತ್ರಕಥೆ) ನೋಡಿ. ಇದನ್ನು ಇಷ್ಟು ತಾಳ್ಮೆಯಿಂದ ಮಾಡಿದ ಕಥೆ ಅಪರೂಪ.

ಹಂತ 1: ಕ್ರೌರ್ಯ ಮೊದಲು, ಕಾರಣ ಆಮೇಲೆ. ನಾಯಕ ಗಟ್ಸ್‌ಗೆ ಒಂದು ಕಣ್ಣಿಲ್ಲ. ಎಡಗೈ ಕಬ್ಬಿಣದ್ದು, ಅದರೊಳಗೆ ಫಿರಂಗಿ. ರಾಕ್ಷಸರ ಬೇಟೆಯಲ್ಲಿ ಅಮಾಯಕರು ಸತ್ತರೂ ಅವನು ನಿಲ್ಲುವುದಿಲ್ಲ. ಬಾಲ್ಯ, ಗೆಳೆಯನ ದ್ರೋಹ ಎಲ್ಲ ನಂತರದ ಫ್ಲ್ಯಾಶ್‌ಬ್ಯಾಕಿನಲ್ಲಿ ಬರುತ್ತವೆ. ಮೊದಲೇ ಹೇಳಿದ್ದರೆ ‘ಅಯ್ಯೋ ಪಾಪ’ ಅಂದು ಎಲ್ಲವನ್ನೂ ಮಾಫಿ ಮಾಡಿಬಿಡುತ್ತಿದ್ದೆವು.

ಹಂತ 2: ಅವನು ಯಾರನ್ನು ಬಿಟ್ಟು ಹೋದ ಅಂತ ಕೇಳಿ. ಇಡೀ ಕಥೆ ತಿರುಗುವುದು ಇಲ್ಲಿ. ಆ ದ್ರೋಹದಲ್ಲಿ ಬಹುತೇಕ ಗೆಳೆಯರು ಸತ್ತರು, ಪ್ರೇಯಸಿ ಕಾಸ್ಕಾ ಬುದ್ಧಿ ಕಳೆದುಕೊಂಡಳು. ಗಟ್ಸ್ ಅವಳನ್ನು ಕಮ್ಮಾರ ಗೋಡೊನ ಮನೆಯಲ್ಲಿ ಬಿಟ್ಟು ಸೇಡಿಗೆ ಹೊರಟ. 2 ವರ್ಷ ಕಳೆದು ಬಂದರೆ ಅವಳಿಲ್ಲ, ಎಲ್ಲೋ ಹೊರಟುಹೋಗಿದ್ದಾಳೆ. ಮುದುಕ ಗೋಡೊ ಬೈಯುತ್ತಾನೆ. ಕೊಲೆಗಳ ಮಾತೇ ಎತ್ತುವುದಿಲ್ಲ. ಅವಳ ಜೊತೆ ಕೂತು ದುಃಖಪಡಲು ಆಗದೆ ನೀನು ದ್ವೇಷದ ಕಡೆ ಓಡಿದೆ ಅನ್ನುತ್ತಾನೆ. ಸೇಡನ್ನೇ ಪ್ರೀತಿ ಅಂದುಕೊಂಡವನಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ನಿಮ್ಮ ನಾಯಕನಿಗೂ ಸತ್ಯ ಹೇಳುವ ಇಂಥ ಒಬ್ಬರು ಬೇಕು. ಅವರು ಅವನ ಶತ್ರುವಾಗಿರಬಾರದು.

ಹಂತ 3: ಕಣ್ಣೀರಿನ ಬದಲು ಕೆಲಸ ಕೊಡಿ. ಗಟ್ಸ್ ಸೇಡು ಬದಿಗಿಟ್ಟು ಅವಳನ್ನು ಹುಡುಕಲು ಹೊರಡುತ್ತಾನೆ. ಅಷ್ಟೇ ಸಾಕು.

ಹಂತ 4: ಹಳೆಯ ಮೃಗ ಮತ್ತೆ ಏಳಲಿ. ಅವಳು ಸಿಕ್ಕ ಮೇಲೆ ದಾರಿಯಲ್ಲಿ ಒಮ್ಮೆ ಅವನೇ ಅವಳ ಮೇಲೆ ಕೈಮಾಡುತ್ತಾನೆ. ಓದಲು ಕಷ್ಟವಾಗುವ ಪುಟಗಳು. ಆದರೆ ತಾನೊಬ್ಬನೇ ಅವಳನ್ನು ಕಾಯಲಾರೆ ಅಂತ ಅವನಿಗೆ ಗೊತ್ತಾಗುವುದು ಆಗಲೇ. ಒಂಟಿಯಾಗಿ ಅಲೆಯುತ್ತಿದ್ದವನು ಜೊತೆಗಾರರನ್ನು ಸೇರಿಸಿಕೊಳ್ಳುತ್ತಾನೆ. ನನಗೆ ನಿಜವಾದ ಬದಲಾವಣೆ ಕಾಣುವುದು ಇಲ್ಲಿ.

ಹಂತ 5: ಕ್ಷಮೆಯನ್ನು ಬಹುಮಾನ ಮಾಡಬೇಡಿ. ಎಷ್ಟೋ ಸಂಪುಟಗಳ ನಂತರ ಕಾಸ್ಕಾಗೆ ಬುದ್ಧಿ ಮರಳುತ್ತದೆ. ಗಟ್ಸ್‌ನನ್ನು ಕಂಡೊಡನೆ ಹಳೆಯದೆಲ್ಲ ನುಗ್ಗಿಬಂದು ಭಯದಿಂದ ಕಿರುಚುತ್ತಾಳೆ. ಅವನು ಪಟ್ಟ ಪಾಡು ಅವನದು, ಅವಳ ನೋವು ಅವಳದು.

ಕರಡು ಮುಗಿದ ಮೇಲೆ ನಾಯಕನ ಪಶ್ಚಾತ್ತಾಪದ ಮಾತುಗಳನ್ನೆಲ್ಲ ಹೊಡೆದುಹಾಕಿ ಓದಿ. ಬದಲಾವಣೆ ಕಾಣದಿದ್ದರೆ ಹಂತ 3ಕ್ಕೆ ವಾಪಸ್ ಹೋಗಿ.