ಯಾವ ಕಂಪನಿ ಯಾವ ಪಕ್ಷಕ್ಕೆ ಕೊಟ್ಟಿತು? ಬಾಂಡ್ ಪಟ್ಟಿ ನೀವೇ ನೋಡಿ

‘ಚಿನ್ನದ ಸಾಲ ಕೊಡುವ ಆ ಕಂಪನಿ ಈ ಪಕ್ಷಕ್ಕೆ ಇಷ್ಟು ಕೋಟಿ ಕೊಟ್ಟಿದೆಯಂತೆ.’ ಗೋಣಿಕೊಪ್ಪದಿಂದ ಸೋಮವಾರಪೇಟೆವರೆಗೆ ಬೆಳೆಗಾರರ ವಾಟ್ಸಾಪ್ ಗ್ರೂಪುಗಳಲ್ಲಿ ಕಾಫಿ ರೇಟಿನ ಜೊತೆಗೇ ಇಂಥ ಪಟ್ಟಿಯೂ ಓಡಾಡುತ್ತದೆ. ಯಾರೋ ಟೈಪ್ ಮಾಡಿದ್ದು, ಇನ್ಯಾರೋ ಸೊನ್ನೆ ಸೇರಿಸಿದ್ದು. ಚುನಾವಣಾ ಬಾಂಡಿನ ಅಸಲಿ ಪಟ್ಟಿ ಬಿಟ್ಟಿಯಾಗಿ ಸಿಗುತ್ತದೆ. ಅದನ್ನು ತೆರೆದವರಲ್ಲೂ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ, ಅಲ್ಲಿಗೆ ಬರುತ್ತೇನೆ.

ಮೊದಲು ಎರಡು ಮಾತು. ಚುನಾವಣಾ ಬಾಂಡ್ ಅಂದರೆ ಪಕ್ಷಕ್ಕೆ ದೇಣಿಗೆ ಕೊಡಲಿಕ್ಕೆ ಬ್ಯಾಂಕಿನಿಂದ ಕೊಳ್ಳುತ್ತಿದ್ದ ಪತ್ರ. ಅದು ಶುರುವಾಗಿದ್ದು 2018ರಲ್ಲಿ. ಮಾರುತ್ತಿದ್ದದ್ದು ಎಸ್‌ಬಿಐ ಮಾತ್ರ, ಕೊಂಡವರ ಹೆಸರು ಗುಟ್ಟು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಇಡೀ ಯೋಜನೆ ರದ್ದು ಮಾಡಿ, 2019ರ ಏಪ್ರಿಲ್ 12ರಿಂದ ಈಚೆಗಿನ ಲೆಕ್ಕ ಹೊರಗೆ ಹಾಕಿ ಎಂದಿತು.

ಹಂತ 1: ಚುನಾವಣಾ ಆಯೋಗದ ಜಾಲತಾಣದಿಂದ ಪಟ್ಟಿ ಇಳಿಸಿಕೊಳ್ಳಿ. 2024ರ ಮಾರ್ಚ್ 14ರದ್ದು ಬೇಡ, ಅದರಲ್ಲಿ ಬಾಂಡ್ ನಂಬರ್ ಇಲ್ಲ. ಮಾರ್ಚ್ 21ರದ್ದೇ ಬೇಕು. ಎರಡು ಪಿಡಿಎಫ್, ಒಂದರಲ್ಲಿ ಕೊಂಡವರು, ಇನ್ನೊಂದರಲ್ಲಿ ನಗದು ಮಾಡಿಕೊಂಡ ಪಕ್ಷಗಳು. ನೂರಾರು ಪುಟ ಇದೆ, ಮಳೆಗಾಲದ ನೆಟ್‌ವರ್ಕ್ ನಂಬಿಕೊಂಡು ತೋಟದಲ್ಲಿ ಕೂರಬೇಡಿ. ಪ್ರಿಂಟ್ ತೆಗೆಸುವುದೂ ದಂಡ, ಹುಡುಕಲಿಕ್ಕಾಗುವುದಿಲ್ಲ.

ಹಂತ 2: ಕಂಪನಿಯ ಹೆಸರು ಹುಡುಕಿ. ಅಂಗಡಿ ಬೋರ್ಡಿನ ಹೆಸರಲ್ಲ, ನಿಮ್ಮ ಸಾಲಪತ್ರದಲ್ಲೋ ಪಾಲಿಸಿಯಲ್ಲೋ ಅಚ್ಚಾಗಿರುವ ಪೂರ್ತಿ ಹೆಸರು. ಒಂದೇ ಮನೆತನದ ಹೆಸರಿಟ್ಟುಕೊಂಡ ಹತ್ತು ಕಂಪನಿ ಇರುತ್ತವೆ.

ಹಂತ 3: ಎಡವುವುದು ಇಲ್ಲೇ. ಕೊಂಡವರ ಪಟ್ಟಿಯಲ್ಲಿ ಪ್ರತಿ ಬಾಂಡಿಗೂ ಎರಡು ಕಾಲಂ ಇವೆ. ಒಂದರಲ್ಲಿ ಇಂಗ್ಲಿಷಿನ ಎರಡಕ್ಷರ, ಪಕ್ಕದಲ್ಲಿ ನಂಬರ್. ಒಸಿ ಅಂದರೆ ಒಂದು ಕೋಟಿಯದು, ಟಿಎಲ್ ಹತ್ತು ಲಕ್ಷದ್ದು, ಒಎಲ್ ಒಂದು ಲಕ್ಷದ್ದು. ಜನ ನಂಬರ್ ಮಾತ್ರ ನಕಲು ಮಾಡಿ ಎರಡನೇ ಪಟ್ಟಿಯಲ್ಲಿ ಹಾಕುತ್ತಾರೆ, ಮೊದಲು ಸಿಕ್ಕ ಪಕ್ಷದ ಹೆಸರು ಬರೆದುಕೊಂಡು ಫಾರ್ವರ್ಡ್ ಮಾಡಿಬಿಡುತ್ತಾರೆ. ಅದೇ ನಂಬರ್ ಬೇರೆ ಮೊತ್ತದ ಬಾಂಡಿಗೂ ಇರಬಹುದು. ಊರಿನ ಹೆಸರಿಲ್ಲದೆ ಬರೀ ಸರ್ವೆ ನಂಬರ್ ಹಿಡಿದುಕೊಂಡು ತಾಲ್ಲೂಕು ಆಫೀಸಿಗೆ ಹೋದ ಹಾಗೆ ಇದು. ಸಾಲದ್ದಕ್ಕೆ, 775 ಅಂತ ಹುಡುಕಿದರೆ ಪಿಡಿಎಫ್ 7751, 17750 ಎಲ್ಲವನ್ನೂ ತೋರಿಸುತ್ತದೆ.

ಹಾಗಾಗಿ ಮೂರೂ ನೋಡಿ: ಅಕ್ಷರ, ನಂಬರ್, ತಾರೀಕು. ಬ್ಯಾಂಕ್ ಬಾಂಡ್ ಕೊಟ್ಟ ದಿನದಿಂದ 15 ದಿನದೊಳಗೆ ಪಕ್ಷ ಅದನ್ನು ಖಾತೆಗೆ ಹಾಕಬೇಕಿತ್ತು, ಇಲ್ಲದಿದ್ದರೆ ದುಡ್ಡು ಪ್ರಧಾನಿ ಪರಿಹಾರ ನಿಧಿಗೆ. ಜೂನ್‌ನಲ್ಲಿ ಕೊಂಡದ್ದು ಡಿಸೆಂಬರ್‌ನಲ್ಲಿ ನಗದಾಗಿದೆ ಅಂತ ಕಂಡರೆ ನೀವು ಬೇರೆ ಬಾಂಡ್ ಹಿಡಿದಿದ್ದೀರಿ. ಇನ್ನು ಕೆಲವು ಬಾಂಡಿಗೆ ಜೋಡಿಯೇ ಸಿಗುವುದಿಲ್ಲ. 2019ರ ಏಪ್ರಿಲ್ 12ಕ್ಕೂ ಮೊದಲು ಕೊಂಡು ಆಮೇಲೆ ನಗದು ಮಾಡಿದ್ದರೆ ಕೊಂಡವರ ಹೆಸರು ಈ ಪಟ್ಟಿಯಲ್ಲಿರುವುದಿಲ್ಲ. ಸುಮ್ನೆ ಅಂದಾಜಿನಲ್ಲಿ ತುಂಬಿಸಬೇಡಿ. ಜೋಡಿಸಿಯೇ ಕೊಡುವ ಸುದ್ದಿ ತಾಣಗಳಿವೆ, ಬಳಸಿ, ಆದರೆ ಮಾತಾಡುವ ಮೊದಲು ಒಂದೆರಡನ್ನಾದರೂ ಕೈಯಾರೆ ತಾಳೆ ನೋಡಿ.

ಹಂತ 4: ಕಂಡದ್ದಷ್ಟೇ ಹೇಳಿ. ಕೊಟ್ಟರು ಅಂತ ಪಟ್ಟಿ ಹೇಳುತ್ತದೆ, ಯಾಕೆ ಕೊಟ್ಟರು ಅಂತ ಹೇಳುವುದಿಲ್ಲ. ಎಲ್ಲರಿಗಿಂತ ಜಾಸ್ತಿ ಕೊಂಡದ್ದು ಲಾಟರಿ ವ್ಯವಹಾರದ ಫ್ಯೂಚರ್ ಗೇಮಿಂಗ್, 1,368 ಕೋಟಿ ರೂಪಾಯಿ. ಪಕ್ಷಗಳಲ್ಲಿ ಬಿಜೆಪಿಯದೇ ದೊಡ್ಡ ಪಾಲು, ಆದರೆ ಕಾಂಗ್ರೆಸ್, ತೃಣಮೂಲ, ಡಿಎಂಕೆ ಎಲ್ಲವೂ ಇವೆ. ನಿಮಗಾಗದ ಪಕ್ಷದ ಸಾಲು ಮಾತ್ರ ಸ್ಕ್ರೀನ್‌ಶಾಟ್ ತೆಗೆಯಬೇಡಿ.

ಬಾಂಡ್ ಹೋಯಿತು, ದೇಣಿಗೆ ಹೋಗಲಿಲ್ಲ. ಈಗಿನದು ಬೇಕಾದರೆ 20,000 ರೂಪಾಯಿ ಮೀರಿದ ದೇಣಿಗೆಯ ಬಗ್ಗೆ ಪಕ್ಷಗಳು ಆಯೋಗಕ್ಕೆ ಕೊಡುವ ವಾರ್ಷಿಕ ವರದಿ ನೋಡಿ. ಅಲ್ಲಿ ‘ಎಲೆಕ್ಟೋರಲ್ ಟ್ರಸ್ಟ್’ (ಕಂಪನಿಗಳಿಂದ ದೇಣಿಗೆ ಪಡೆದು ಪಕ್ಷಗಳಿಗೆ ಹಂಚುವ ಸಂಸ್ಥೆ) ಅಂತ ಕಂಡರೆ ನಿಲ್ಲಿಸಬೇಡಿ, ಆ ಟ್ರಸ್ಟಿಗೆ ಕೊಟ್ಟವರು ಯಾರು ಅಂತ ಅದರದೇ ವರದಿ ತೆರೆಯಿರಿ.

ಒಂದು ವಿಷಯ ಬೆರೆಸಬೇಡಿ. ಕಂಪನಿ ಯಾರಿಗೆ ಕೊಟ್ಟಿತು ಅನ್ನುವುದಕ್ಕೂ ನಿಮ್ಮ ಸಾಲದ ದೂರಿಗೂ ಸಂಬಂಧವಿಲ್ಲ. ಬೆಳೆಸಾಲ ನವೀಕರಿಸುವಾಗ ಕೇಳದೆಯೇ ವಿಮೆ ಕಟ್ಟಿದ್ದಾರಾ? ಅದು ಜೀವ ವಿಮೆಯೋ ಆರೋಗ್ಯ ವಿಮೆಯೋ ಆಗಿದ್ದರೆ, ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಅಂತ ಬರೆದು ವಾಪಸ್ ಕೊಡಬಹುದು. ಬ್ಯಾಂಕಿನ ಮೇಲೆ ದೂರಿದ್ದರೆ ಮೊದಲು ಬ್ಯಾಂಕಿಗೇ ಬರೆದುಕೊಡಿ. ಬಾಯಲ್ಲಿ ಹೇಳಿ ಬರಬೇಡಿ, ನಕಲಿನ ಮೇಲೆ ಸೀಲು ಹಾಕಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡಿ, ಶುಲ್ಕವಿಲ್ಲ. ಹೇಗೆ ಅಂತ ತಿಳಿಯಲು 14448ಕ್ಕೆ ಫೋನ್ ಮಾಡಿ. ದುಡ್ಡು ಕೇಳಿ ದೂರು ಬರೆದುಕೊಡುವ ಏಜೆಂಟರ ಹತ್ತಿರ ಹೋಗಲೇಬೇಡಿ. ಸಾಲ ಊರಿನ ಕೃಷಿ ಪತ್ತಿನ ಸಹಕಾರ ಸಂಘದ್ದಾದರೆ ಮಾತ್ರ ಈ ದಾರಿ ಇಲ್ಲ, ಅದಕ್ಕೆ ಸಹಕಾರ ಇಲಾಖೆಗೇ ಅರ್ಜಿ ಕೊಡಬೇಕು.